ಆರೂವರೆಯ ಸೀನು

"ನನ್ನ ಮೂಗು, ನನ್ನ ಸೀನು, ನನ್ನ ಕಿಟಕಿ! ಇದರಲ್ಲಿ ಮೂಗು ತೂರಿಸೋಕೆ ನಗರಸಭೆ ಯಾರು?" ಎಂದು ಗಡಿಯಾರ ರಿಪೇರಿಯವರು ಗುಡುಗಿದರು. ಓಣಿಯಲ್ಲೆಲ್ಲ ಅವರಿಗೆ ಗಡಿಯಾರದವರು ಎಂದೇ ಹೆಸರು. ಕೈಯಲ್ಲಿದ್ದ ನಗರಸಭೆಯ ನೋಟಿಸನ್ನು ಗಾಳಿಯಲ್ಲಿ ಬೀಸಿದರು.

ಅವರ ಸೀನು ಸಾಮಾನ್ಯದ್ದಲ್ಲ, ಕನಿಷ್ಠ ಅವರ ನಂಬಿಕೆಯಲ್ಲಿ. ದಿನವಿಡೀ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಎಳ್ಳಿಗಿಂತ ಸಣ್ಣ ಹಲ್ಲುಚಕ್ರಗಳನ್ನು ಚಿಮಟದಲ್ಲಿ ಎತ್ತಿ ಕೂರಿಸುವ ಕೆಲಸ. ಅಲ್ಲಿ ಒಂದೇ ಒಂದು ಸೀನು ಬಂದರೂ ಮೂರು ತಾಸಿನ ದುಡಿಮೆ ಮೇಜಿನಡಿ ಸೇರಿ, ಉಳಿದ ಮೂರು ತಾಸು ಅದನ್ನು ಹುಡುಕುತ್ತಾ ಅಂಬೆಗಾಲಿಡಬೇಕು. ಹಾಗಾಗಿ ಮೂವತ್ತು ವರ್ಷದಿಂದ ಅಂಗಡಿಯಲ್ಲಿ ಅವರು ಸೀನಿಯೇ ಇಲ್ಲ! ಬಂದದ್ದನ್ನೆಲ್ಲ ತಡೆದು, ಕೂಡಿಟ್ಟು, ಮರುದಿನ ಬೆಳಿಗ್ಗೆ ಸರಿಯಾಗಿ ಆರೂವರೆಗೆ ಬೀದಿ ಕಡೆಯ ಕಿಟಕಿಯಲ್ಲಿ ನಿಂತು ಒಂದೇ ಏಟಿಗೆ ಬಿಡುಗಡೆ ಮಾಡುತ್ತಿದ್ದರು. ಒಳಗಡೆ ಅಡುಗೆಮನೆಯಲ್ಲಿದ್ದ ಹೆಂಡತಿ ಒಲೆ ಸಣ್ಣ ಮಾಡಿ, ಅಲ್ಲಿಂದಲೇ "ನೂರು ವರ್ಷ!" ಎಂದು ಹರಸುತ್ತಿದ್ದಳು. ಬೆನ್ನಿಗೇ ಓಣಿಯ ಬಾಗಿಲುಗಳು ಒಂದೊಂದಾಗಿ ತೆರೆದುಕೊಳ್ಳುತ್ತಿದ್ದವು.

"ನಿಮ್ಮನೆ ಸದ್ದು ಕೇಳಿದ ಮೇಲೇನೇ ನಾನು ಕಣ್ಣು ಬಿಡೋದು. ಅಲಾರಾಂ ಮಾರಿಬಿಟ್ಟೆ!" ಎಂದಿದ್ದ ಎದುರುಮನೆಯ ಬಸ್ ಡ್ರೈವರ್. ಗಡಿಯಾರದವರು ವಿನಯದಿಂದ ಮೂಗು ಸವರಿಕೊಂಡಿದ್ದರು.

ಈಗ ನೋಡಿದರೆ ಹೊಸ ನಿಯಮ! ಬೆಳಿಗ್ಗೆ ಎಂಟರೊಳಗೆ ಯಾವ ಮನೆಯ ಸದ್ದೂ ಅರವತ್ತು ಡೆಸಿಬೆಲ್ ಗೆರೆ ದಾಟಬಾರದಂತೆ. "ದಿನಾ ಆರೂವರೆಗೆ ನಿಮ್ಮ ಮನೆಯಿಂದ ಹೊರಡುವ ಸದ್ದಿನ ಬಗ್ಗೆ ದೂರು ಬಂದಿದೆ. ನಿರೀಕ್ಷಕರು ಬಂದು ಅಳೆಯುವರು. ಮಿತಿ ಮೀರಿದ್ದರೆ ಬೀದಿ ಕಡೆಯ ಕಿಟಕಿಗೆ ಹಲಗೆ ಹೊಡೆಯಲಾಗುವುದು." ಆ ಮನೆಗೆ ಬೆಳಕು ಬರುತ್ತಿದ್ದುದೇ ಆ ಕಿಟಕಿಯಿಂದ. ಗಂಡ ಹೆಂಡತಿಯ ಎರಡು ಕುರ್ಚಿಗಳಿದ್ದುದೂ ಅದರ ಮುಂದೆಯೇ.

"ಕರವಸ್ತ್ರ ಅಡ್ಡ ಹಿಡಿದ್ರೆ ಮುಗೀತಲ್ಲ?" ಎಂದಳು ಹೆಂಡತಿ.

"ಕರವಸ್ತ್ರ! ಸ್ವಾತಂತ್ರ್ಯದ ಬಾಯಿಗೆ ಬಟ್ಟೆ ತುರುಕು ಅಂತೀಯಾ? ಇವತ್ತು ಸೀನು, ನಾಳೆ ಆಕಳಿಕೆ, ನಾಡಿದ್ದು ಬಿಕ್ಕಳಿಕೆ! ಪ್ರಾಣ ಹೋದ್ರೂ ಬಿಡಲ್ಲ!"

"ಪ್ರಾಣ ಇರ್ಲಿ, ಕಿಟಕಿ ಹೋಗತ್ತೆ."

ಮರುದಿನ ಆರು ಗಂಟೆಗೇ ಶಬ್ದ ನಿರೀಕ್ಷಕ ಬಂದ. ಸಣಕಲು ದೇಹ, ಮೆಲು ಮಾತು, ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಮುಳ್ಳಿನ ಮೀಟರು. ಓಣಿ ಇನ್ನೂ ಗಾಢ ನಿದ್ದೆಯಲ್ಲಿತ್ತು. ಗಡಿಯಾರದವರು ಇಸ್ತ್ರಿ ಅಂಗಿ ತೊಟ್ಟು ಕಿಟಕಿಯಲ್ಲಿ ಪ್ರತ್ಯಕ್ಷರಾದರು.

ಆರೂವರೆ ಆಯಿತು. ಸೀನು ಬರಲಿಲ್ಲ!

ಯಾರೋ ಕಾಯುತ್ತಿದ್ದಾರೆ ಎಂದು ಗೊತ್ತಾದೊಡನೆ ಮೂಗು ಮುಷ್ಕರ ಹೂಡಿತ್ತು. ಅವರು ಬಲ್ಬು ದಿಟ್ಟಿಸಿದರು, ಹಳೆ ಕ್ಯಾಲೆಂಡರಿನ ಧೂಳು ಮೂಸಿದರು, ಕೊನೆಗೆ ಮೆಣಸಿನ ಡಬ್ಬಿಯೊಳಗೇ ಮುಖ ಇಳಿಸಿದರು. "ನಿಧಾನ, ಸಾರ್. ನನಗೇನೂ ಅವಸರ ಇಲ್ಲ," ಎಂದ ನಿರೀಕ್ಷಕ. ಆರೂ ಮೂವತ್ತೇಳಕ್ಕೆ ಬಂತು ನೋಡಿ! ಪಾದದಲ್ಲಿ ಹುಟ್ಟಿ, ಮಂಡಿ ಹತ್ತಿ, ಬೆನ್ನು ಬಗ್ಗಿಸಿ, ಕನ್ನಡಕ ಹಾರಿಸಿ, ಮೂವತ್ತು ವರ್ಷಗಳ ಸಾಧನೆಯೆಲ್ಲ ಒಟ್ಟಾಗಿ "ಆಕ್ಷೀ!" ಎಂದಿತು.

ಊರು ಉರುಳಿರಬೇಕೆಂದು ಅವರು ಮೆಲ್ಲಗೆ ಕಣ್ಣು ತೆರೆದರು. ತಂತಿಯ ಮೇಲಿದ್ದ ಗುಬ್ಬಿ ಅಲ್ಲೇ ಕೂತು ರೆಕ್ಕೆ ಕೆರೆದುಕೊಳ್ಳುತ್ತಿತ್ತು.

"ಐವತ್ತೇಳು," ಎಂದ ನಿರೀಕ್ಷಕ. "ಮಿತಿಯೊಳಗೇ ಇದೆ. ನೀವು ಧಾರಾಳವಾಗಿ ಸೀನಬಹುದು."

"ಏನು, ಮಿತಿಯೊಳಗಾ? ಸರಿಯಾಗಿ ನೋಡ್ರೀ! ನಿಮ್ಮ ಮೀಟರ್ ಕೆಟ್ಟಿರಬೇಕು!" ಕೇಳಿದ ಸ್ವಾತಂತ್ರ್ಯ ಕೈಗೆ ಸಿಕ್ಕಿತ್ತು, ಗಡಿಯಾರದವರಿಗೆ ಅಳು ಬರುವಂತಾಗಿತ್ತು.

ಅಷ್ಟರಲ್ಲಿ ಒಳಗೆ ಒಲೆ ಸಣ್ಣದಾಯಿತು.

"ನೂರು ವರ್ಷ!"

ಗುಬ್ಬಿ ಹಾರಿಹೋಯಿತು. ಮೀಟರಿನ ಮುಳ್ಳು ಕೊನೆಗೆ ಹೋಗಿ ಬಡಿದು, ಅಲ್ಲೇ ಸಿಕ್ಕಿಕೊಂಡು ನಡುಗಿತು. ಓಣಿಯ ಬಾಗಿಲುಗಳೆಲ್ಲ ಪಟಪಟನೆ ತೆರೆದವು. "ಇವತ್ತು ಎಂಟು ನಿಮಿಷ ಲೇಟು!" ಎನ್ನುತ್ತಾ ಡ್ರೈವರ್ ಬ್ರಷ್ಷು ಕಚ್ಚಿಕೊಂಡು ನಲ್ಲಿಯತ್ತ ಓಡಿದ.

ನಿರೀಕ್ಷಕ ಟೋಪಿ ತೆಗೆದ. "ಲಾರಿ ಹಾರ್ನ್ ಅಳೆದಿದೀನಿ, ಕಲ್ಲು ಒಡೆಯೋ ಯಂತ್ರ ಅಳೆದಿದೀನಿ. ಇಂಥದ್ದು ಕಂಡಿಲ್ಲ! ಯಾರು ಸಾರ್ ಅದು?"

ಯಾರೇನು! ಇಪ್ಪತ್ತೆರಡು ವರ್ಷ ಬಟ್ಟೆ ಗಿರಣಿಯಲ್ಲಿ, ಇನ್ನೂರು ಮಗ್ಗಗಳ ಅಬ್ಬರದ ನಡುವೆ "ನೂಲು ಹರೀತು!" ಎಂದು ಆ ತುದಿಯವರಿಗೆ ಕೇಳಿಸಿದ ಗಂಟಲು ಅದು. ಇನ್ನು ಮುಂದೆ ಆಕೆಯನ್ನು ಬಹುವಚನದಲ್ಲೇ ಕರೆಯುವುದು ನಮಗೂ ಕ್ಷೇಮ. ಗಡಿಯಾರದವರೂ ಬೆರಗಾಗಿ ನಿಂತಿದ್ದರು. ದಿನಾ ಕೇಳುತ್ತಿದ್ದ ಆ ಧ್ವನಿಯನ್ನು ಅವರು ನಿಜವಾಗಿ ಕೇಳಿದ್ದು ಅಂದೇ.

"ಅದು... ಅದೂ ನಾನೇ!" ಎಂದುಬಿಟ್ಟರು. ಕಿಟಕಿಯ ನೆನಪಾಗಿತ್ತು, ಹೆಂಡತಿಯ ಮುಖವೂ.

"ಹಾಗಾದ್ರೆ ಇನ್ನೊಂದು ಸಲ ಹೇಳಿ." ನಿರೀಕ್ಷಕ ಮುಳ್ಳನ್ನು ತಟ್ಟಿ ಸೊನ್ನೆಗೆ ತಂದ.

ಗಡಿಯಾರದವರು ಕತ್ತಿನ ನರ ಉಬ್ಬಿಸಿ ಕೂಗಿದರು. "ಐವತ್ತನಾಲ್ಕು," ಎಂದ ಅವನು ಕನಿಕರದಿಂದ. "ಇದಕ್ಕಿಂತ ನಿಮ್ಮ ಸೀನೇ ವಾಸಿ."

ಕೈ ಒರೆಸಿಕೊಳ್ಳುತ್ತಾ ಅವರ ಹೆಂಡತಿ ಹೊರಬಂದರು. "ಹರಸೋದು ತಪ್ಪಾ, ತಮ್ಮಾ?"

"ಹರಸೋದಲ್ಲಮ್ಮ, ಅಷ್ಟು ಜೋರಾಗಿ ಹರಸೋದು."

"ಅಲ್ಲಿಂದ ಮೆಲ್ಲಗೆ ಹರಸಿದ್ರೆ ಇವರಿಗೆ ತಲುಪೋದು ಹೇಗೆ?"

ನಿರೀಕ್ಷಕ ನಗರಸಭೆಯ ನಿಯಮಾವಳಿಯನ್ನು ಎರಡು ಸಲ ತಿರುವಿಹಾಕಿದ. ಇನ್ನು ಸದ್ದು ಮಾಡುವುದಿಲ್ಲ ಎಂದು ಬರೆಸಿಕೊಂಡು ಹೋದ. ಕಿಟಕಿ ಉಳಿಯಿತು.

ಮಾರನೆಯ ದಿನದಿಂದ ಹೆಂಡತಿ ಒಲೆ ಆರಿಸಿ ಬಂದು, ಗಂಡನ ಪಕ್ಕದಲ್ಲೇ ನಿಂತು, ಸೀನು ಮುಗಿದೊಡನೆ ಕಿವಿಯಲ್ಲಿ "ನೂರು ವರ್ಷ" ಎಂದು ಪಿಸುಗುಟ್ಟತೊಡಗಿದರು. ಗಡಿಯಾರದವರು ಮಾತ್ರ ಛಲ ಬಿಡದೆ, ಬಾಗಿಲುಗಳು ತೆರೆಯಲೆಂದು ಕಿಟಕಿಯಾಚೆ ಅರ್ಧ ದೇಹ ಚಾಚಿ ಸೀನಿದರು. ಒಂದು ಬಾಗಿಲೂ ಅಲುಗಲಿಲ್ಲ! ಡ್ರೈವರಿಗೆ ಮೊದಲ ಬಸ್ಸು ತಪ್ಪಿತು. ಪಕ್ಕದ ಮನೆಯ ನರ್ಸು ಒಂದೇ ಚಪ್ಪಲಿಯಲ್ಲಿ ಆಸ್ಪತ್ರೆಗೆ ಓಡಿದಳು. ಮೇಷ್ಟ್ರು ಶಾಲೆಗೆ ಹೋದಾಗ ಮಕ್ಕಳೇ ಹಾಜರಿ ಕರೆದು ಮುಗಿಸಿದ್ದರು.

ನಾಲ್ಕನೆಯ ದಿನ ಡ್ರೈವರ್ ಮನವಿಪತ್ರ ಹಿಡಿದು ಬಂದ. "ಅಮ್ಮನವರ ಧ್ವನಿಗೆ ನಿಯಮದಿಂದ ವಿನಾಯಿತಿ ಕೊಡಬೇಕು." ಕೆಳಗೆ ನಲವತ್ತೊಂದು ಸಹಿ. ಮೊದಲನೆಯದು, ದೂರು ಕೊಟ್ಟಿದ್ದ ಮೂಲೆಮನೆಯ ಹೊಸ ಬಾಡಿಗೆದಾರನದು. ಅವನೂ ಮೂರು ದಿನ ಆಫೀಸಿಗೆ ತಡವಾಗಿ ಹೋಗಿ ಬೈಸಿಕೊಂಡಿದ್ದ.

ಗಡಿಯಾರದವರು ಭೂತಗನ್ನಡಿ ಸಿಕ್ಕಿಸಿಕೊಂಡು ಎರಡು ಸಲ ಓದಿದರು.

"ಅಲ್ಲಪ್ಪಾ, ಇದರಲ್ಲಿ ನನ್ನ ಸೀನಿನ ವಿಷಯವೇ ಇಲ್ವಲ್ಲ?"

ಡ್ರೈವರ್ ಕಣ್ಣು ಪಿಳಿಪಿಳಿ ಬಿಟ್ಟ. "ಯಾವ ಸೀನು?"

ಗಡಿಯಾರದವರು ಪೆನ್ನು ತೆಗೆದುಕೊಂಡು, ಎಲ್ಲರಿಗಿಂತ ಕೆಳಗೆ, ಎಲ್ಲರಿಗಿಂತ ದೊಡ್ಡದಾಗಿ ಸಹಿ ಹಾಕಿದರು.