ದೀಪಕ್ಕೆ ಒಪ್ಪಿಗೆಯಾಗದ ನನ್ನ ನಡಿಗೆ

ಹೆಂಡತಿಗೆ ಗೊತ್ತಾಗದ ಹಾಗೆ ಸೋಮಾರಿಯಾಗಿರಲು ಎಷ್ಟು ಶ್ರಮ ಬೇಕೆಂಬುದು ಶ್ರಮಜೀವಿಗಳಿಗೆ ತಿಳಿಯುವುದಿಲ್ಲ. ಬ್ಯಾಂಕಿನ ಕೆಲಸದಿಂದ ನಿವೃತ್ತನಾದ ಮೇಲೆ ನನಗೆ ಸಕ್ಕರೆ ಕಾಯಿಲೆ ಶುರುವಾಯಿತು. ಸಂಜೆ ನಡೆಯಿರಿ ಎಂದು ಡಾಕ್ಟರು ಸಲಹೆ ಕೊಟ್ಟರು. ನನ್ನ ಹೆಂಡತಿ ರತ್ನ ಅದನ್ನು ಕಾನೂನು ಮಾಡಿದಳು. ದಿನವೂ ಬೂಟು ಹಾಕಿಕೊಂಡು ಹೊರಟು, ಬೀದಿಯ ಕೊನೆಯ ಮೋರಿಕಟ್ಟೆಯ ಮೇಲೆ ಗಾಳಿಗೆ ಕುಳಿತು, ಕತ್ತಲಾದ ಮೇಲೆ ಎದ್ದು ಬಂದು, ಮನೆಬಾಗಿಲಲ್ಲಿ ಸ್ವಲ್ಪ ಏದುಸಿರು ಬಿಡುತ್ತಿದ್ದೆ.

ಹೀಗಿರುವಾಗ ಶ್ರೀರಂಗಪಟ್ಟಣದ ನಮ್ಮ ಬಡಾವಣೆಗೆ ಕೃತಕ ಬುದ್ಧಿಮತ್ತೆಯ ಬೀದಿದೀಪಗಳು ಬಂದವು. ಯಾರಾದರೂ ಓಡಾಡುವುದು ಕಂಬದ ಕ್ಯಾಮೆರಾಕ್ಕೆ ಕಂಡರೆ ದೀಪ ಜೋರಾಗುತ್ತದೆ. ಇಲ್ಲದಿದ್ದರೆ ಕರೆಂಟು ಉಳಿಸಲು ಮಂಕಾಗುತ್ತದೆ. ಎಲ್ಲರೂ ಮೆಚ್ಚಿದರು. ನಾನೂ ಮೆಚ್ಚಿದೆ, ಅಂದು ಮನೆಗೆ ಬರುವವರೆಗೆ. ನಮ್ಮ ಅಡುಗೆಮನೆ ಕಿಟಕಿಗೆ ಕಾಂಪೌಂಡ್ ಗೋಡೆಯ ಮೇಲಿಂದ ರಸ್ತೆ ಕಾಣದಿದ್ದರೂ ಇಡೀ ಬೀದಿಯ ದೀಪಗಳು ಕಾಣುತ್ತವೆ.

"ದೀಪ ಮಂಕಾಗೇ ಇತ್ತಲ್ಲ, ಎಲ್ಲಿ ಕುಂತಿದ್ರಿ?" ಎಂದಳು ರತ್ನ, ಸೊಪ್ಪು ಬಿಡಿಸುತ್ತಾ.

ಮರುದಿನ ಕೂತಲ್ಲೇ ಕೈಬೀಸಿ ನೋಡಿದೆ. ದೀಪ ಒಪ್ಪಲಿಲ್ಲ. ಅಷ್ಟರಲ್ಲಿ ಹಿಂದಿನ ಬೀದಿಯ ಚಿಕ್ಕೇಗೌಡ ನಾಲೆ ಕಡೆಯಿಂದ ಎಮ್ಮೆ ಹೊಡೆದುಕೊಂಡು ಬಂದ. ದೀಪಗಳೆಲ್ಲ ಝಗ್ಗೆಂದವು. ನನ್ನ ಕಷ್ಟ ಹೇಳಿಕೊಂಡು, ದಿನಾ ಎಮ್ಮೆಗಳನ್ನು ನಮ್ಮ ಬೀದಿಯಲ್ಲಿ ಸ್ವಲ್ಪ ಹೊತ್ತು ಬಿಡಬೇಕೆಂದು ಕೇಳಿದೆ.

"ಅದ್ಕೇನ್ ಸಾ, ನಿಮ್ ಬದ್ಲು ಅವೇ ವಾಕಿಂಗ್ ಮಾಡ್ಕತವೆ ಬುಡಿ" ಎಂದು ಅವನೂ ನನ್ನ ಪಕ್ಕ ಬಂದು ಕುಳಿತ.

ಬೀದಿ ಬೆಳಗಿದ್ದನ್ನು ಕಂಡು ರತ್ನ ಸಂತೋಷದಿಂದ ನನ್ನ ಕಾಫಿಗೆ ಅರ್ಧ ಚಮಚ ಸಕ್ಕರೆ ಹಾಕಿದಳು. ಆದರೆ ದನಗಳಿಗೆಲ್ಲ ದೀಪ ಉರಿಯುತ್ತದೆಂದು ಯಾರೋ ದೂರು ಕೊಟ್ಟರು. ದೀಪ ಹಾಕಿದ ಕಂಪನಿಯ ಎಂಜಿನಿಯರು ಬಂದು, ದನವನ್ನು ಲೆಕ್ಕಕ್ಕೆ ಹಿಡಿಯಬಾರದೆಂದು ಯಂತ್ರಕ್ಕೆ ಕಲಿಸಿದರು. ಅಂದು ಸಂಜೆ ಎಮ್ಮೆಗಳು ಎಷ್ಟು ಅಡ್ಡಾಡಿದರೂ ದೀಪ ಕದಲಲಿಲ್ಲ.

ಬೇರೆ ದಾರಿಯಿಲ್ಲದೆ ನಾನೇ ಎದ್ದೆ. ನಿಜವಾಗಿಯೂ ನಡೆದೆ. ದೀಪ ಮಂಕಾಗಿಯೇ ಇತ್ತು. ಕಂಬದ ಬುಡದಲ್ಲಿ ಲ್ಯಾಪ್‌ಟಾಪ್ ಹಿಡಿದು ನಿಂತಿದ್ದ ಎಂಜಿನಿಯರನ್ನು ಕೇಳಿದೆ. ಅವರು ತೆರೆ ನೋಡಿ ಸ್ವಲ್ಪ ಸಂಕೋಚಪಟ್ಟರು.

"ಅದು ನಡಿಗೆ ನೋಡಿ ಗುರುತು ಹಿಡೀತದೆ ಸಾರ್. ನಿಧಾನಕ್ಕೆ ಹೋಗೋದು, ಅಲ್ಲಲ್ಲೇ ನಿಂತ್ಕಳದು... ಎಮ್ಮೆ ಜೊತೆ ಸೇರಿಸ್ಬುಟ್ಟದೆ. ಒಸಿ ಬಿರ್‌ಬಿರ್ನೆ ನಡೀರಿ."

ಅಂದಿನಿಂದ ಬಿರಬಿರನೆ ನಡೆಯುತ್ತಿದ್ದೇನೆ. ಸಕ್ಕರೆ ಇಳಿದಿದೆ, ಡಾಕ್ಟರಿಗೂ ರತ್ನಳಿಗೂ ಸಂತೋಷ. ತಲೆಯ ಮೇಲೆ ದೀಪ ಜೋರಾದಾಗಲೆಲ್ಲ ಮನುಷ್ಯನೆಂದು ಪಾಸಾದ ಸಮಾಧಾನ ನನಗೂ ಇದೆ. ಮಂಕು ಬೆಳಕಿನಲ್ಲಿ ಯಾರ ಹಂಗೂ ಇಲ್ಲದೆ, ಮೆಲುಕು ಹಾಕುತ್ತಾ, ತಮಗೆ ಬೇಕಾದಲ್ಲಿ ನಿಂತು ಹೋಗುವ ಆ ಎಮ್ಮೆಗಳನ್ನು ಕಂಡಾಗ ಮಾತ್ರ ಸ್ವಲ್ಪ ಹೊಟ್ಟೆ ಉರಿಯುತ್ತದೆ.