ರೇಷ್ಮೆ ತೊಟ್ಟ ಎಂಜಿನ್

ಎಂಜಿನ್‌ಗೆ ಧೂಳು ಹೋಗದಂತೆ ಕಾಯಬಲ್ಲವನು ಕೊಳ್ಳೇಗಾಲದಲ್ಲಿ ನಾನೊಬ್ಬನೇ ಎಂದು ನಂಬಿದ್ದ ಕಾಲ ಅದು.

ಬಾಣಂತನಕ್ಕೆ ಹನೂರಿನ ತವರಿಗೆ ಹೋದ ಹೆಂಡತಿ ಐದು ತಿಂಗಳಾದರೂ ಬಂದಿರಲಿಲ್ಲ. ಅವಳ ಬಳೆಯ ಸದ್ದಿಲ್ಲದ ಮನೆಯಲ್ಲಿ ಗಡಿಯಾರದ ಸದ್ದೇ ದೊಡ್ಡದಾಗಿತ್ತು. ನಾನು ಹೊರಟ ದಿನ ಕಳೆದರೆ ಆಷಾಢ, ಮಗಳನ್ನು ಗಂಡನ ಮನೆಗೆ ಕಳಿಸುವಂತಿಲ್ಲ. ಹೊರಟ ದಿನವೇ ದೀಪ ಹಚ್ಚುವ ಮೊದಲು ಅವಳನ್ನೂ ಮಗುವನ್ನೂ ಹೊರಡಿಸದಿದ್ದರೆ ಇನ್ನೊಂದು ತಿಂಗಳು ಕಾಯಬೇಕು. ಅದಕ್ಕೆಂದೇ ಹಳೆಯ ಕಾರೊಂದನ್ನು ಕೊಂಡಿದ್ದೆ.

ಹನೂರು ರಸ್ತೆಯ ಧೂಳೋ, ಗಂಧದ ಪುಡಿಯಷ್ಟು ನಯ! ಕಾರಿನ ಗಾಳಿ ಸೋಸುವ ಡಬ್ಬಿಯಲ್ಲಿ ಎಣ್ಣೆ ಸವರಿದ ತಂತಿಬಲೆ ಮಾತ್ರ ಇತ್ತು. ಜಗಲಿಯಲ್ಲಿ ಪರೀಕ್ಷೆ ಏರ್ಪಡಿಸಿದೆ. ಬಿಳಿ ಕಾಗದದ ಮೇಲೆ ತಂತಿಬಲೆ ಹಿಡಿದು ಧೂಳು ಸುರಿದೆ. ಕಾಗದ ಕೆಂಪಾಯಿತು. ತೆಂಗಿನ ನಾರು ಹಿಡಿದೆ. ಕೊಂಚ ಕಡಿಮೆ ಕೆಂಪಾಯಿತು. ಕೊನೆಗೆ ಹೆಂಡತಿಗೆಂದು ತಂದಿದ್ದ ರೇಷ್ಮೆ ರವಿಕೆ ಬಟ್ಟೆ ಹಿಡಿದೆ. ಕಾಗದ ಹಾಲಿನಂತೆ ಬಿಳಿ!

ಪಕ್ಕದ ಮನೆಯ ನೇಕಾರ ಸಿದ್ದಪ್ಪ ಎದೆಯುಬ್ಬಿಸಿದ. "ನಮ್ ಮಗ್ಗದ ಬಟ್ಟೆ ಕಣ್ರಿ! ಧೂಳಿರ್ಲಿ, ಗಾಳೀನೂ ನುಗ್ಗಾಕಿಲ್ಲ!"

ಆ ಮಾತನ್ನು ನಾನು ಕೊನೆಯವರೆಗೂ ಕೇಳಿಸಿಕೊಳ್ಳಬೇಕಿತ್ತು.

ಡಬ್ಬಿಯ ಬಾಯಿಗೆ ಒಂದು ಪದರ ರೇಷ್ಮೆ ಬಿಗಿದು ಹೊರಟೆ. ಊರು ದಾಟುತ್ತಲೇ ಕಾರು ಕೆಮ್ಮಿತು. ಧೂಳು ನುಗ್ಗಿರಬೇಕೆಂದು ಎರಡು ಪದರ ಮಾಡಿದೆ. ಕರಿಹೊಗೆ ಬಂತು. ನಾಲ್ಕು ಮಾಡಿದೆ. ಕಾಮಗೆರೆಯ ಹತ್ತಿರ ಕಾರು ಕೆಮ್ಮುವುದಕ್ಕೂ ಆಗದೆ ನಿಂತೇಬಿಟ್ಟಿತು.

ಹಿಂದೆ ಬಂದ ಎತ್ತಿನಗಾಡಿಯವನು ಇಣುಕಿ ನೋಡಿದ. "ಅತ್ಕಳಿ ಸಾ. ನಮ್ ಎತ್ಗೆ ರೇಸ್ಮೆ ಪಾಸ್ಮೆ ಏನೂ ಬ್ಯಾಡ."

ಹನೂರು ತಲುಪಿದಾಗ ಅತ್ತೆ ದೇವರ ಮುಂದಿನಿಂದ ಎದ್ದು ಬರುತ್ತಿದ್ದರು. "ದೀಪ ಅಚ್ಚಾಯ್ತಲ್ಲ ಅಳಿಯಂದಿರೇ. ಇನ್ನು ಆಸಾಡ ಕಳೀಲಿ."

ಹೆಂಡತಿ ಗಂಟುಮೂಟೆ ಕಟ್ಟಿಕೊಂಡು ಹಜಾರದಲ್ಲೇ ಕೂತಿದ್ದಳು. ಮುಡಿದ ಹೂ ಬಾಡಿತ್ತು. ಧೂಳು ಮೆತ್ತಿದ ನನ್ನ ಮುಖ ಕಂಡು ಮಗು ಚೀರಿತು.

"ಕಾರೆಲ್ಲಿ?"

ಎಲ್ಲವನ್ನೂ ಹೇಳಿದೆ.

"ರೇಸ್ಮೆ ಎಂಜಿನ್‌ಗಾ? ಅದ್ಕೂ ಉಸ್ರು ಬ್ಯಾಡ್ವಾ? ಆ ಬಟ್ಟೇನ ನಿಮ್ ಮೊಕಕ್ಕೆ ಕಟ್ಕಂಡಿದ್ರೆ ಮಗೀಗಾದ್ರೂ ಗುರ್ತು ಸಿಕ್ತಿತ್ತು!" ಎಂದು ನಗಲು ಹೋದಳು. ಕಣ್ಣು ಒಪ್ಪಲಿಲ್ಲ.

ಮರುದಿನ ಕಾಮಗೆರೆಗೆ ಬಂದು ರೇಷ್ಮೆ ಬಿಚ್ಚಿದೆ. ಹ್ಯಾಂಡಲನ್ನು ಒಮ್ಮೆ ತಿರುಗಿಸುತ್ತಲೇ ಕಾರು ಗುಡುಗಿತು. ನನ್ನ ಪರೀಕ್ಷೆ ಸುಳ್ಳಾಗಿರಲಿಲ್ಲ. ಎಂಜಿನ್ ಒಳಗೆ ಒಂದು ಚಿಟಿಕೆ ಧೂಳೂ ಬಂದಿರಲಿಲ್ಲ.

ಕಾರಿನೊಳಗೆ ಹೆಂಡತಿಯೂ ಮಗುವೂ ಬಂದಿರಲಿಲ್ಲ!