ಅತ್ತೆಗೆ ಬಂದ ಮೀಸೆ

ನಾನು ಮಾತುಮಾತಿಗೆ ಬೆಚ್ಚುವ ಹೆಂಗಸು. ಕುಕ್ಕರ್ ಕೂಗುತ್ತದೆಂದು ಗೊತ್ತಿದ್ದೇ ಅದರ ಮುಂದೆ ನಿಂತಿರುತ್ತೇನೆ, ಕೂಗಿದ ಕೂಡಲೇ ಕೈಯಲ್ಲಿನ ಸೌಟು ಬಿಡುತ್ತೇನೆ. ಶಾಲೆಯಲ್ಲಿ ನಾನೇ ಹಾಕಿದ ಲೆಕ್ಕಕ್ಕೆ ಹುಡುಗಿಯೊಬ್ಬಳು ಸರಿಯಾದ ಉತ್ತರ ಹೇಳಿದರೂ ಬೆಚ್ಚುತ್ತೇನೆ. ಇಂಥವಳು ಮನೆಯಲ್ಲಿ ಕರೆಂಟಿನ ಗರಗಸ ಇಟ್ಟುಕೊಂಡಿದ್ದೇನೆ ಎಂದರೆ ನಾರಾಯಣಪೇಟೆಯಲ್ಲಿ ಯಾರೂ ನಂಬುವುದಿಲ್ಲ. ನಂಬದಿದ್ದರೆ ಪರವಾಗಿಲ್ಲ. ಆ ಗರಗಸದಿಂದ ನಾನು ನಮ್ಮ ಅತ್ತೆಗೆ ಮೀಸೆ ಬರಿಸಿದೆ ಎಂಬುದನ್ನಂತೂ ನೀವು ನಂಬಲೇಬೇಕು, ಏಕೆಂದರೆ ಆ ಮೀಸೆ ಈಗಲೂ ಗದ್ವಾಲದ ಮನೆಯ ಪಡಸಾಲೆಯ ಗೋಡೆಯ ಮೇಲಿದೆ.

ಮೊದಲು ಗರಗಸದ ವಿಷಯ ಹೇಳಿಬಿಡುತ್ತೇನೆ. ಅದಕ್ಕೆ ಸ್ಕ್ರಾಲ್ ಸಾ ಎನ್ನುತ್ತಾರೆ. ಹೊಲಿಗೆ ಯಂತ್ರದ ಹಾಗೆ ಮೇಜಿನ ಮೇಲೆ ಕೂರುತ್ತದೆ; ಸೂಜಿ ಇರಬೇಕಾದ ಜಾಗದಲ್ಲಿ ದಾರದಷ್ಟು ತೆಳುವಾದ ಬ್ಲೇಡು ಮೇಲೆ ಕೆಳಗೆ ಕುಣಿಯುತ್ತದೆ. ಹಲಗೆಗೆ ಸಣ್ಣ ತೂತು ಕೊರೆದು, ಬ್ಲೇಡನ್ನು ಅದರೊಳಗೆ ತೂರಿಸಿ ಬಿಗಿದು, ಗೆರೆಯ ಗುಂಟ ಹಲಗೆಯನ್ನು ಮೆಲ್ಲಗೆ ತಿರುಗಿಸುತ್ತ ಹೋದರೆ ಒಳಗಿನ ಚೂರು ಉದುರುತ್ತದೆ. ಮತ್ತೆ ಬ್ಲೇಡು ಬಿಚ್ಚಬೇಕು, ಮುಂದಿನ ತೂತಿಗೆ ಹೋಗಬೇಕು. ಹಳೆಯ ದರ್ಗಾಗಳ ಕಿಟಕಿಗೆ ತೂತು ತೂತಿನ ಕಲ್ಲಿನ ಜಾಲಿ ಇರುತ್ತದಲ್ಲ, ಅದೇ ಕೆಲಸವನ್ನು ಮರದಲ್ಲಿ ಮಾಡುವುದು. ಫೋನಿನಲ್ಲಿ ಯಾರೋ ಒಬ್ಬಾಕೆ ಹಾಗೆ ನವಿಲು ಕತ್ತರಿಸುವುದನ್ನು ನೋಡಿ ನನಗೆ ಮರುಳು ಹಿಡಿಯಿತು. ಯಂತ್ರ ಬಂದ ವಾರದಲ್ಲೇ ಪಕ್ಕದ ಮನೆಯ ಲಕ್ಷ್ಮಮ್ಮ ಅದರ ಟಕಟಕ ಸದ್ದು ಕೇಳಿ, ಹೊಸ ಸೀರೆ ಹಿಡಿದು ಬಂದು, “ಟೀಚರಮ್ಮ, ಫಾಲ್ ಹಚ್ಚಿಕೊಡ್ತೀರೇನ್ರಿ?” ಎಂದರು. ಮೂಗಿಗೆ ಬಟ್ಟೆ ಕಟ್ಟಿಕೊಂಡು, ತಲೆತುಂಬ ಮರದ ಹೊಟ್ಟು ಮೆತ್ತಿಕೊಂಡು ಕುಳಿತಿದ್ದ ನನ್ನನ್ನು ನೋಡಿ ಸೀರೆಯನ್ನು ಎದೆಗವಚಿಕೊಂಡು ಹಿಮ್ಮುಖವಾಗಿಯೇ ನಡೆದುಹೋದರು.

ನನ್ನ ಮೊದಲ ಕೆಲಸ ಮನೆಯವರ ಹೆಸರಿನ ಫಲಕ. ಕನ್ನಡ ಅಕ್ಷರಗಳು ಗುಂಡಗೆ ಚೆಂದವಾಗಿರುತ್ತವೆ ಎಂದು ಹೆಮ್ಮೆಯಿಂದ ಕತ್ತರಿಸಿದೆ. ಅಕ್ಷರಗಳ ಹೊಟ್ಟೆಯೊಳಗಿನ ಚೂರುಗಳನ್ನು ಹಿಡಿದಿಡಲು ಒಂದು ಸಣ್ಣ ಸೇತುವೆ ಬಿಡಬೇಕೆಂದು ನನಗೆ ಗೊತ್ತಿರಲಿಲ್ಲ. ಎಲ್ಲ ಹೊಟ್ಟೆಗಳೂ ಉದುರಿ, ವೀರೇಶ ಎಂಬ ಹೆಸರು ಬಟಾಣಿ ಕಾಳು ಸಾಲಾಗಿಟ್ಟ ಹಾಗೆ ಕಂಡಿತು. ಮನೆಯವರು ಮಕ್ತಲಿನ ಕರೆಂಟ್ ಆಫೀಸಿನಲ್ಲಿರುವವರು, ಸಮಾಧಾನದ ಮನುಷ್ಯ. “ಇರಲಿ ಬಿಡು, ಗಾಳಿ ಛಲೋ ಆಡ್ತೈತಿ” ಎಂದು ಅದನ್ನು ಬಚ್ಚಲಮನೆಯ ಕಿಟಕಿಗೆ ಬಡಿದರು.

ಹೀಗೆ ಕಲಿಯುತ್ತ ಕಲಿಯುತ್ತ ಕೈ ಕುದುರಿತು. ಅಷ್ಟರಲ್ಲಿ ಅತ್ತೆಗೆ ಎಂಬತ್ತು ತುಂಬಿತು. ಅತ್ತೆ ಇರುವುದು ಗದ್ವಾಲದಲ್ಲಿ, ದೊಡ್ಡ ಮಗನ ಮನೆಯಲ್ಲಿ. ನೆಟ್ಟಗೆ ಕೂರುವ, ನೆಟ್ಟಗೆ ನೋಡುವ, ನೆಟ್ಟಗೆ ಬೈಯುವ ಹೆಂಗಸು. ನನ್ನ ಹೋಳಿಗೆಗೆ ಒಮ್ಮೆ “ತಿನ್ನಾಕ ಬರ್ತೈತಿ” ಎಂದಿದ್ದನ್ನು ನಾನು ಇಂದಿಗೂ ಪ್ರಶಸ್ತಿಯೆಂದು ಇಟ್ಟುಕೊಂಡಿದ್ದೇನೆ. ಬಂಧುಗಳನ್ನೆಲ್ಲ ಕರೆದು ಊಟ ಹಾಕಿಸುವುದೆಂದು ತೀರ್ಮಾನವಾಯಿತು.

“ಅವ್ವಗ ಒಂದ ಸೀರಿ ಒಯ್ಯೋಣು, ಸುಮ್ನಿರು” ಎಂದರು ಮನೆಯವರು.

“ಗದ್ವಾಲಕ್ಕ ಗದ್ವಾಲ ಸೀರಿ ಒಯ್ಯಾಕ ಬರ್ತೈತೇನ್ರಿ? ನಮ್ಮೂರ ಸೀರಿ ಒಯ್ದ್ರ, ಯಾಕ ಇಲ್ಲೀವು ಸಿಗಲಿಲ್ಲೇನು ಅಂತಾರ. ನಾ ಅವರ ಚಿತ್ರ ಕತ್ತರಿಸ್ತೀನಿ.”

ಅತ್ತೆ ತಲೆಯ ಮೇಲೆ ಸೆರಗು ಹೊದ್ದು ನೇರವಾಗಿ ನೋಡುತ್ತಿದ್ದ ಒಂದು ಫೋಟೋ ಇತ್ತು. ಅದನ್ನು ಫೋನಿನಲ್ಲಿ ಕಪ್ಪುಬಿಳುಪು ತುಂಡುಗಳಾಗಿ ಮಾಡಿ, ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡದಾಗಿ ತೆಗೆಸಿ, ತೆಳುವಾದ ಸಾಗವಾನಿ ಹಲಗೆಯ ಮೇಲೆ ಅಂಟಿಸಿದೆ. ಕಪ್ಪಿದ್ದ ಕಡೆಯೆಲ್ಲ ಕತ್ತರಿಸಿ ತೆಗೆಯಬೇಕು. ಹಿಂದೆ ಕಪ್ಪು ಬಟ್ಟೆ ಕೊಟ್ಟರೆ ಮರದಲ್ಲಿ ಮುಖ ಮೂಡುತ್ತದೆ. ಹುಬ್ಬು, ಕಣ್ಣಿನ ಸುಕ್ಕು, ಸೆರಗಿನ ನಿರಿಗೆ, ಮೂಗುಬೊಟ್ಟು, ಒಂದೊಂದಕ್ಕೂ ತೂತು ಕೊರೆಯಬೇಕು, ಒಂದೊಂದಕ್ಕೂ ಉಸಿರು ಬಿಗಿಹಿಡಿಯಬೇಕು. ಬ್ಲೇಡು ಟಪ್ಪೆಂದು ಮುರಿದಾಗಲೆಲ್ಲ ನಾನು ಕುರ್ಚಿಯಿಂದ ಹಾರುತ್ತಿದ್ದೆ. ಎಡಗಣ್ಣಿನ ಒಂದು ರೆಪ್ಪೆ ಮುರಿಯಿತು. ನೆಲದ ಮೇಲೆ ಮೊಣಕಾಲೂರಿ ಹೊಟ್ಟಿನಲ್ಲಿ ಹುಡುಕಿ, ಚಿಮಟದಲ್ಲಿ ಹಿಡಿದು ಅಂಟಿಸಿದೆ. ನಿಜ ಹೇಳುತ್ತೇನೆ, ಅತ್ತೆಯ ಮುಖವನ್ನು ಅಷ್ಟು ಹೊತ್ತು ಅಷ್ಟು ಹತ್ತಿರದಿಂದ ನೋಡುವ ಧೈರ್ಯ ನನಗೆ ಅದುವರೆಗೂ ಬಂದಿರಲಿಲ್ಲ.

ಕತ್ತರಿಸಿ ಮುಗಿದ ಮೇಲೆ ಥಿನ್ನರ್ ಹಚ್ಚಿ ಕಾಗದ ಬಿಡಿಸಿದೆ, ಪಾಲಿಶ್ ಕಾಗದದಿಂದ ತಿಕ್ಕಿದೆ. ತುಟಿಯ ಮೇಲೆ ಏನೋ ಮಸುಕು ಕಂಡದ್ದು ನಿಜ, ಧೂಳು ಇರಬೇಕೆಂದುಕೊಂಡೆ. ಊಟಕ್ಕೆ ಇನ್ನೊಂದು ದಿನ ಇದೆ ಎನ್ನುವಾಗ, ಮಧ್ಯಾಹ್ನ, ಬಟ್ಟೆಯನ್ನು ಅಗಸೆ ಎಣ್ಣೆಯಲ್ಲಿ ಅದ್ದಿ ಹಣೆಯಿಂದ ಕೆಳಕ್ಕೆ ಹಚ್ಚುತ್ತ ಬಂದೆ. ಎಣ್ಣೆ ಬಿದ್ದ ಕೂಡಲೇ ಮರಕ್ಕೆ ಜೀವ ಬರುತ್ತದೆ, ಜೇನಿನ ಬಣ್ಣ ಏರುತ್ತದೆ. ಹಣೆ ಹೊಳೆಯಿತು. ಕೆನ್ನೆ ಹೊಳೆಯಿತು. ಮೂಗಿನ ಕೆಳಗೆ ಬಟ್ಟೆ ಎಳೆದೆ ನೋಡಿ, ಮರದೊಳಗಿನ ಕಪ್ಪು ಗೀರೊಂದು ಎದ್ದು ಬಂತು. ಇತ್ತ ಒಂದು ಸುರುಳಿ, ಅತ್ತ ಒಂದು ಸುರುಳಿ. ಎಡಭಾಗ ಕೊಂಚ ಮೇಲಕ್ಕೆ ತಿರುವಿಕೊಂಡಿತ್ತು. ನಾನು ಕಿರುಚಿದ್ದಕ್ಕೆ ಲಕ್ಷ್ಮಮ್ಮ ಗೋಡೆಯಾಚೆಯಿಂದ, “ಬೆರಳು ಹೋತೇನ್ರೀ?” ಎಂದು ಕೂಗಿದರು.

ಬೆರಳು ಹೋಗಿದ್ದರೆ ಯಾರಾದರೂ ಅಯ್ಯೋ ಎನ್ನುತ್ತಿದ್ದರು.

ಕಾಗದ ಅಂಟಿಸುವ ಗಡಿಬಿಡಿಯಲ್ಲಿ ನಾನು ಹಲಗೆಯ ಗೆರೆಗಳನ್ನು ನೋಡಿಯೇ ಇರಲಿಲ್ಲ. ಈಗ ತಿಕ್ಕಿದೆ. ತಿಕ್ಕಿದಷ್ಟೂ ಮೀಸೆ ಸ್ಪಷ್ಟವಾಯಿತು. ಗೀರು ಹಲಗೆಯ ಆಳಕ್ಕೂ ಇಳಿದಿತ್ತು. ಮುಖಕ್ಕೆ ಹಚ್ಚುವ ಪೌಡರನ್ನು ಅಂಟಿನಲ್ಲಿ ಕಲಸಿ ಬಳಿದೆ. ಕರಿ ಮೀಸೆ ಹೋಗಿ ಬಿಳಿ ಮೀಸೆ ಬಂತು. ಒರೆಸಿದೆ. ಅಷ್ಟರಲ್ಲಿ ಮನೆಯವರು ಮಕ್ತಲಿನಿಂದ ಬಂದರು, ಬಾಗಿಲಲ್ಲೇ ನಿಂತರು.

“ಯಾರಿಂವಾ?”

“ನಿಮ್ಮವ್ವ ರೀ.”

ಅವರು ಚಪ್ಪಲಿ ಬಿಡುವುದನ್ನು ಮರೆತು ಒಳಗೆ ಬಂದು ನೆಲದ ಮೇಲೆ ಕುಳಿತುಬಿಟ್ಟರು. “ಅವ್ವಗ ಮೀಸಿ ಬಂದಾವಲ್ಲೇ! ಸೆರಗ ನೋಡಿದ್ರ ರುಮಾಲ ಸುತ್ತಿಧಂಗ ಐತಿ!”

ಅದುವರೆಗೆ ರುಮಾಲು ನನಗೆ ಕಂಡಿರಲಿಲ್ಲ. ಅವರು ಹೇಳಿದ ಮೇಲೆ ಬೇರೇನೂ ಕಾಣದಾಯಿತು.

“ಆ ಮೀಸಿ ಅಷ್ಟ ಕೊರದ ತಗದಬಿಡು.”

“ತಗದ್ರ ಮೂಗು ಬಾಯಿ ಕೂಡಿ ಒಂದ ತೂತ ಆಗ್ತೈತ್ರಿ. ಮೂಗು ನಿಂತಿದ್ದ ಅದರ ಮ್ಯಾಲ.”

“ಹಂಗಾದ್ರ ಸೀರೀನ ಒಯ್ಯೋಣು.” ಅಂದವರೇ ಹಣೆ ಬಡಿದುಕೊಂಡರು. “ಆಗಂಗಿಲ್ಲ. ನಾ ಅವ್ವಗ ಫೋನ್ ಮಾಡಿ ಹೇಳೀನಿ, ನಿನ್ನ ಸೊಸಿ ನಿನ್ನ ಮಾರೀನ ಕಟಗಿಯಾಗ ಕೆತ್ಯಾಳ ಅಂತ. ಅಕಿ ಓಣಿಗೆಲ್ಲ ಹೇಳಿ ಗ್ವಾಡಿಗೆ ಮೊಳಿ ಹೊಡಿಸ್ಯಾಳಂತ.”

ಮರುದಿನ ಬಸ್ಸಿನಲ್ಲಿ ಚಿತ್ರ ಪೇಪರಿನಲ್ಲಿ ಸುತ್ತಿಕೊಂಡು ನನ್ನ ತೊಡೆಯ ಮೇಲಿತ್ತು. ಜುರಾಲದ ಹತ್ತಿರ ಕೃಷ್ಣೆಯನ್ನು ದಾಟುವಾಗ ನಾನು ಕಿಟಕಿಯ ಕಡೆ ನೋಡಿದ್ದೇ ತಡ, ಮನೆಯವರು ಅದನ್ನು ಎತ್ತಿ ತಮ್ಮ ತೊಡೆಯ ಮೇಲಿಟ್ಟುಕೊಂಡರು.

ಗದ್ವಾಲದ ಮನೆ ತುಂಬಿತ್ತು. ಅತ್ತೆ ಹೊಸ ಸೀರೆಯುಟ್ಟು ನಡುವೆ ಕುರ್ಚಿಯಲ್ಲಿ ಕುಳಿತಿದ್ದರು. ರಾಜೋಳಿಯಿಂದ ಬಂದಿದ್ದ ಅವರ ತಮ್ಮ ಸಿದ್ದಣ್ಣ ಮಾವ ಪಕ್ಕದ ಚಾಪೆಯ ಮೇಲಿದ್ದರು. ಊಟವಾದ ಮೇಲೆ ಕೊಡೋಣ ಎಂದು ನಾನು ಪೊಟ್ಟಣವನ್ನು ಹಿಂದೆ ಬಚ್ಚಿಟ್ಟೆ. ಅತ್ತೆ ಕೈ ಚಾಚಿಯೇ ಇದ್ದರು.

“ತಾ ಇಲ್ಲಿ. ಎಲ್ರೂ ಅದಕ್ಕ ಕುಂತಾರ.”

ಅವರೇ ದಾರ ಬಿಚ್ಚಿದರು. ಪೇಪರ್ ಸರಿಸಿ ಮಡಿಲಿನಲ್ಲಿಟ್ಟುಕೊಂಡರು. ಅವರ ಹೆಗಲ ಮೇಲಿಂದ ಇಣುಕಿದ ನನ್ನ ಓರಗಿತ್ತಿ, ತೆಲುಗು ಮನೆಯಿಂದ ಬಂದವಳು, ಬಾಯಿಗೆ ಕೈ ಇಟ್ಟುಕೊಂಡು, “ಅಯ್ಯಯ್ಯೋ, ಅತ್ತಮ್ಮಕು ಮೀಸಾಲು!” ಎಂದು ಚೀರಿದಳು. ಯಾರೋ ನಗುವನ್ನು ಕೆಮ್ಮಾಗಿ ತಿರುಗಿಸಿದರು. ನಾನು ಮನೆಯವರನ್ನು ನೋಡಿದೆ. ಅವರು ಫ್ಯಾನನ್ನು ನೋಡುತ್ತಿದ್ದರು.

ಅತ್ತೆ ಚಿತ್ರವನ್ನು ಕಣ್ಣಿನ ಹತ್ತಿರ ತಂದರು. ಹೆಬ್ಬೆರಳಿನಿಂದ ಮೀಸೆಯನ್ನು ಮುಚ್ಚಿ ನೋಡಿದರು. ಬೆರಳು ತೆಗೆದು ನೋಡಿದರು. ಮತ್ತೆ ಮುಚ್ಚಿದರು, ಮತ್ತೆ ತೆಗೆದರು. ಈಗ ಎತ್ತಿ ಒಗೆಯುತ್ತಾರೆ ಎಂದು ನಾನು ಎರಡು ಹೆಜ್ಜೆ ಹಿಂದೆ ಸರಿದೆ.

“ಸಿದ್ದಾ, ಬಾ ಇಲ್ಲಿ.”

“ಏನಕ್ಕಾ?”

“ನೋಡು. ಅಪ್ಪ.”

ಅತ್ತೆಯ ತಂದೆ ರಾಯಚೂರು ಕಡೆ ಜೋಳದ ವ್ಯಾಪಾರ ಮಾಡುತ್ತಿದ್ದವರು. ಸಿದ್ದಣ್ಣ ಮಾವ ಇನ್ನೂ ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಜ್ವರದಲ್ಲಿ ಹೋದರಂತೆ. ಫೋಟೋ ತೆಗೆಸುವ ಕಾಲವಲ್ಲ. ಅವರ ಮುಖ ಕಂಡವರಲ್ಲಿ ಈಗ ಉಳಿದಿರುವುದು ಅತ್ತೆ ಒಬ್ಬರೇ, ಅವರಿಗೂ ಆಗ ಸಣ್ಣ ವಯಸ್ಸು.

“ನಂದ ಮಾರಿ ಇದು, ನನಗೇನ ಗೊತ್ತಾಗಂಗಿಲ್ಲಂತ ತಿಳೀಬ್ಯಾಡ್ರಿ” ಎಂದರು ಅತ್ತೆ, ಸುತ್ತ ನೋಡುತ್ತ. “ಸಣ್ಣಾಕಿದ್ದಾಗ ಎಲ್ರೂ ಅಂತಿದ್ರು, ಥೇಟ್ ನಿಮ್ಮಪ್ಪನಂಗ ಅದೀ ಅಂತ. ಬರಬರತ ಅಂವನ ಮಾರೀನ ಮರತಬಿಟ್ಟಿದ್ದೆ. ಇಷ್ಟ ದಿನ ಕನ್ನಡಿಯಾಗ ಇದ್ದ ನೋಡು, ಮೀಸಿ ಇಲ್ಲಂತ ನನಗ ಗುರ್ತು ಸಿಕ್ಕಿದ್ದಿಲ್ಲ.”

ಸಿದ್ದಣ್ಣ ಮಾವ ಕನ್ನಡಕವನ್ನು ಧೋತರದಲ್ಲಿ ಒರೆಸಿ ಹಾಕಿಕೊಂಡರು. “ಹಿಂಗ ಇದ್ದನೇನಕ್ಕಾ?”

“ಹಿಂಗ. ಎಡಕ್ಕ ಜರಾ ಮ್ಯಾಲ ತಿರುವಿರ್ತಿತ್ತು. ನನ್ನ ಎತಗೊಂಡಾಗ ಗಲ್ಲಕ್ಕ ಚುಚ್ಚತಿತ್ತು.”

ತಲೆಯೆಲ್ಲ ಬೆಳ್ಳಗಾದ ಆ ಮನುಷ್ಯ ಚಿತ್ರವನ್ನು ಮಡಿಲಿಗೆ ಎಳೆದುಕೊಂಡು, ಬಹಳ ಹೊತ್ತು ನೋಡಿ, ಮೆಲ್ಲಗೆ “ಅಪ್ಪಾ” ಎಂದರು. ಆ ಮಾತನ್ನು ಅವರು ಅದುವರೆಗೂ ಯಾರಿಗೂ ಅಂದಿರಲಿಕ್ಕಿಲ್ಲ. ಕೆಮ್ಮಿದವರು ಕಣ್ಣೊರೆಸಿಕೊಂಡರು. ಓರಗಿತ್ತಿ ಓಡಿಹೋಗಿ ವಿಭೂತಿ, ಹೂವು ತಂದಳು. ಬೈಗುಳಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದ ನನಗೆ ಇದನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ.

ಅತ್ತೆ ಹೆಚ್ಚು ಹೊತ್ತು ಮೆತ್ತಗಿರುವವರಲ್ಲ. ಕಣ್ಣೊರೆಸಿಕೊಂಡವರೇ, “ನಿರ್ಮಲಾ, ಈ ಮೂಗಬೊಟ್ಟಿನ ತೂತ ಮುಚ್ಚು. ನಮ್ಮಪ್ಪ ಮೂಗಬೊಟ್ಟ ಇಡ್ತಿದ್ದಿಲ್ಲ” ಎಂದರು. ಚಿತ್ರದ ಹಿಂದೆ ಕೂತಿದ್ದ ಹೊಟ್ಟಿಗೆ ಅಂಗಡಿಯಿಂದ ತರಿಸಿದ ಅಂಟು ಕಲಸಿ ಅಲ್ಲೇ ಮುಚ್ಚಿದೆ. ಸಿದ್ದಣ್ಣ ಮಾವ ನನ್ನ ಕೈ ಹಿಡಿದು, “ನನಗೂ ಒಂದ ಮಾಡಿಕೊಡವ್ವಾ. ಹಿಂಗ ಇರಬೇಕು, ಒಂದ ಕೂದಲ ಆಕಡಿ ಈಕಡಿ ಆಗಬಾರದು” ಎಂದರು. ಅಂಥ ಗೀರಿರುವ ಇನ್ನೊಂದು ಹಲಗೆ ಯಾವ ಕಾಡಿನ ಯಾವ ಮರದಲ್ಲಿದೆಯೋ ಎಂದುಕೊಂಡೆ. ತಲೆ ಮಾತ್ರ ತಾನಾಗಿಯೇ ಹೂಂ ಎಂದು ಆಡಿತು.

ಸಂಜೆ ಹೊರಟಾಗ ಅತ್ತೆ ಬಾಗಿಲವರೆಗೂ ಬಂದರು. ಗೋಡೆಯ ಮೇಲಿದ್ದ ಚಿತ್ರವನ್ನು ಮತ್ತೊಮ್ಮೆ ತಿರುಗಿ ನೋಡಿದರು. ಹುಬ್ಬು ನೋಡಿದರು, ನಾನು ಮೊಣಕಾಲೂರಿ ಹುಡುಕಿ ಅಂಟಿಸಿದ್ದ ರೆಪ್ಪೆಯನ್ನು ನೋಡಿದರು, ನಿರಿಗೆಗಳನ್ನು ನೋಡಿದರು.

“ಕಣ್ಣು ಅಷ್ಟಕ್ಕಷ್ಟ” ಎಂದರು. “ಕಿವಿ ದೊಡ್ಡವಾಗ್ಯಾವು. ಆದ್ರ ಆ ಮೀಸಿ ಒಂದ ಭಾಳ ಛಲೋ ಮಾಡೀದಿ ನೋಡು.”

ಆ ಇಡೀ ಚಿತ್ರದಲ್ಲಿ ನಾನು ಮಾಡದೆ ಇದ್ದದ್ದು ಅದೊಂದೇ. ಹಾಗೆಂದು ಹೇಳಲು ಬಾಯಿ ತೆರೆದೆ. ಆದರೆ ಅತ್ತೆ ‘ಭಾಳ ಛಲೋ’ ಎಂದದ್ದನ್ನು ನಾನು ಆವರೆಗೆ ಕೇಳಿಯೇ ಇರಲಿಲ್ಲ.

“ಹೌದ್ರಿ ಅತ್ತಿ” ಎಂದೆ. “ಅದಕ್ಕ ಭಾಳ ತ್ರಾಸ ತಗೊಂಡೀನ್ರಿ.”